ಪಿಯಾನೋಗೂ ಮುಂಚೆ ಮನೇಲಿ ಏನು ನುಡಿಸ್ತಿದ್ರು? ಕ್ಲಾವಿಕಾರ್ಡ್, ವರ್ಜಿನಲ್ ಬಗ್ಗೆ ಮಾತಾಡೋಣ

ತಂತಿಮೀಟು
ಎಲ್ರಿಗೂ ನಮಸ್ಕಾರ. 1666ರ ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಬೆಂಕಿ ಬಿದ್ದಾಗ ಜನ ಕೈಗೆ ಸಿಕ್ಕಿದ್ದನ್ನ ದೋಣಿಗೆ ತುಂಬ್ಕೊಂಡು ಥೇಮ್ಸ್ ನದಿಗೆ ಇಳಿದ್ರು. ನೌಕಾಪಡೆ ಕಚೇರಿಲಿ ಕೆಲಸದಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಅದನ್ನ ಕಣ್ಣಾರೆ ನೋಡಿ ಡೈರಿಲಿ ಬರೆದಿಟ್ಟಿದಾನೆ. ಮನೆ ಸಾಮಾನು ಹೊತ್ತ ದೋಣಿಗಳಲ್ಲಿ ಹೆಚ್ಚುಕಮ್ಮಿ ಮೂರಕ್ಕೆ ಒಂದರಲ್ಲಿ ವರ್ಜಿನಲ್ ಇತ್ತಂತೆ. ಮನೆ ಸುಟ್ಟು ಹೋಗ್ತಾ ಇರೋವಾಗ ಹಾಸಿಗೆ ಪಾತ್ರೆ ಜೊತೆ ಒಂದು ವಾದ್ಯಾನೂ ಎತ್ಕೊಂಡು ಓಡ್ತಾರೆ ಅಂದ್ರೆ ಅದು ಆ ಮನೆಗೆ ಎಷ್ಟು ಬೇಕಾಗಿತ್ತು ನೋಡಿ.

ವರ್ಜಿನಲ್ ಅಂದ್ರೆ ಮೇಜಿನ ಮೇಲೆ ಇಡಬಹುದಾದ ಉದ್ದನೆ ಪೆಟ್ಟಿಗೆ, ತಂತಿಗಳು ಕೀಗಳಿಗೆ ಅಡ್ಡವಾಗಿ ಹೋಗುತ್ತೆ, ಕೀ ಒತ್ತಿದ್ರೆ ಒಂದು ಸಣ್ಣ ಮರದ ಪಟ್ಟಿ ಮೇಲೆದ್ದು ಅದರಲ್ಲಿ ಸಿಕ್ಕಿಸಿರೋ ಕಾಗೆ ಗರಿಯ ತುಂಡು ತಂತಿನ ಮೀಟುತ್ತೆ. ಹಾರ್ಪ್ಸಿಕಾರ್ಡ್ ಇದರದ್ದೇ ದೊಡ್ಡ ರೂಪ. ಕ್ಲಾವಿಕಾರ್ಡ್ ಬೇರೆ ಜಾತಿ. ಅದರ ಕೀ ಒಂದು ಉದ್ದನೆ ಮರದ ಪಟ್ಟಿ, ನಡುವೆ ಒಂದು ಪಿನ್ ಮೇಲೆ ಏತದ ಹಾಗೆ ಕೂತಿರುತ್ತೆ. ಈ ತುದಿ ಬೆರಳಲ್ಲಿ ಒತ್ತಿದ್ರೆ ಆ ತುದಿ ಮೇಲೇಳುತ್ತೆ, ಅಲ್ಲಿ ನೆಟ್ಟಿರೋ ಚಿಕ್ಕ ಹಿತ್ತಾಳೆ ಚಪ್ಪಟೆ ತುಂಡು ತಂತಿಗೆ ಬಡಿಯುತ್ತೆ, ಬಡಿದು ಅಲ್ಲೇ ಒತ್ಕೊಂಡು ನಿಂತಿರುತ್ತೆ. ಆ ತುಂಡಿಗೆ ಟ್ಯಾಂಜೆಂಟ್ ಅಂತಾರೆ. ತಂತಿಯ ಎಡಭಾಗಕ್ಕೆ ಉಣ್ಣೆ ಬಟ್ಟೆ ಹೆಣೆದಿರ್ತಾರೆ, ಹಾಗಾಗಿ ಟ್ಯಾಂಜೆಂಟ್‌ನಿಂದ ಬಲಕ್ಕಿರೋ ಭಾಗ ಮಾತ್ರ ನುಡಿಯುತ್ತೆ, ಬೆರಳು ಎತ್ತಿದ ತಕ್ಷಣ ಬಟ್ಟೆ ಇಡೀ ತಂತಿನ ನಿಲ್ಲಿಸುತ್ತೆ. ಇಷ್ಟೇ ಯಂತ್ರ. ಪಿಯಾನೋ ಒಳಗಿನ ಸಾವಿರಾರು ಬಿಡಿಭಾಗ ಇಲ್ಲಿಲ್ಲ.

ಶಬ್ದ ತುಂಬಾ ಕಮ್ಮಿ. ಪಕ್ಕದಲ್ಲಿ ಯಾರಾದ್ರೂ ಜೋರಾಗಿ ಮಾತಾಡಿದ್ರೆ ಮುಚ್ಚಿ ಹೋಗುತ್ತೆ. ನಾನಿರೋದು ಲೈಪ್‌ಜಿಗ್‌ನಲ್ಲಿ. ಇಲ್ಲಿ ಯೂನಿವರ್ಸಿಟಿಯ ವಾದ್ಯಗಳ ಮ್ಯೂಸಿಯಂನಲ್ಲಿ 1543ರ ಕ್ಲಾವಿಕಾರ್ಡ್ ಇದೆ, ಇಟಲಿಯ ದೊಮೆನಿಕೊ ದ ಪೆಸರೊ ಮಾಡಿದ್ದು, ಇಸವಿ ಬರೆದಿರೋ ಕ್ಲಾವಿಕಾರ್ಡ್‌ಗಳಲ್ಲಿ ಉಳಿದಿರೋದ್ರಲ್ಲಿ ಅದೇ ಹಳೇದು. ಅಂಥ ಸಣ್ಣ ದನಿಯ ಪೆಟ್ಟಿಗೆ ಸುಮಾರು ನಾನೂರು ವರ್ಷ ಬಳಕೆಲಿತ್ತು. ನನಗನ್ಸೋದು, ಸಂಗೀತದ ಚರಿತ್ರೆನ ನಾವು ಕಚೇರಿ ಹಾಲ್‌ಗಳಿಂದಲೇ ಓದ್ತೀವಿ, ಮನೇಲಿ ತನಗೋಸ್ಕರ ನುಡಿಸ್ಕೊಂಡ ಸಂಗೀತದ ಕಡೆಯಿಂದ ಓದೋದೇ ಇಲ್ಲ. ನಿಮಗೆಲ್ಲ ಏನನ್ಸುತ್ತೆ?

ವೀಣಾಪ್ರಿಯೆ_ಮೈಸೂರು
ಒಳ್ಳೆ ವಿಷಯ ತೆಗೆದ್ರಿ. ಒಂದು ಸಂದೇಹ. ಟ್ಯಾಂಜೆಂಟ್ ತಂತಿಗೆ ತಾಗಿಕೊಂಡೇ ನಿಂತಿರುತ್ತೆ ಅಂದ್ರಲ್ಲ, ಹಾಗಾದ್ರೆ ಕೀ ಇನ್ನೂ ಸ್ವಲ್ಪ ಒತ್ತಿದ್ರೆ ತಂತಿಯ ಬಿಗಿ ಹೆಚ್ಚಾಗಿ ಸ್ವರ ಏರಬೇಕಲ್ವಾ? ವೀಣೇಲಿ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಮಾಡೋವಾಗ ಆಗೋದು ಅದೇ. ಕೀಬೋರ್ಡ್ ವಾದ್ಯ ಅಂದ್ರೆ ಬಟನ್ ಒತ್ತಿದ ಹಾಗೆ, ಒತ್ತಿದ ಮೇಲೆ ಸ್ವರದ ಮೇಲೆ ನಮಗೆ ಹಿಡಿತ ಇಲ್ಲ ಅನ್ನೋದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದು, ಹಾರ್ಮೋನಿಯಂ ಬಗ್ಗೆ ನಮ್ಮ ಗುರುಗಳಿಗೆ ಇದ್ದ ತಕರಾರು ಇದೇ.

ಇನ್ನೊಂದು, ದನಿ ಸಣ್ಣದು ಅನ್ನೋ ವಿಚಾರ. ಮೈಕ್ ಬರೋಕ್ಕೆ ಮುಂಚೆ ವೀಣೇನೂ ಮನೆ ವಾದ್ಯವೇ. ಹತ್ತಿಪ್ಪತ್ತು ಜನ ಹತ್ತಿರ ಕೂತು ಕೇಳೋದು ಅಷ್ಟೇ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮತ್ತೆ ಯಾರಿಗೂ ಕೇಳಿಸಬೇಕು ಅಂತ ಇಲ್ದೆ ಒಂದು ಗಂಟೆ ನುಡಿಸೋರು, ಅಡುಗೆಮನೇಲಿದ್ದ ನಮಗೆ ಕೇಳಿಸ್ತಾನೂ ಇರ್ಲಿಲ್ಲ. ಅದನ್ನ ಯಾರೂ ಕೊರತೆ ಅಂತ ಎಣಿಸ್ತಿರ್ಲಿಲ್ಲ.

ತಂತಿಮೀಟು
ಮೇಡಂ, ನೇರ ಗುರಿಗೇ ಹೊಡೆದ್ರಿ. ಏರುತ್ತೆ, ಸ್ವರ ಖಂಡಿತ ಏರುತ್ತೆ. ಹೊಸಬರು ಕ್ಲಾವಿಕಾರ್ಡ್ ಮುಟ್ಟಿದ್ರೆ ಮೊದಲು ಆಗೋದೇ ಅದು, ಪಿಯಾನೋ ಒತ್ತೋ ಥರ ಒತ್ತಿ ಎಲ್ಲಾ ಸ್ವರಾನೂ ಏರಿಸಿಬಿಡ್ತಾರೆ. ಗೊತ್ತಿರೋರು ಅದನ್ನೇ ಅಲಂಕಾರ ಮಾಡ್ಕೊಂಡ್ರು. ಕೀ ಒತ್ತಿ ಹಿಡಿದು ಬೆರಳನ್ನ ಮೆಲ್ಲಗೆ ಅದುಮೋದು, ಸಡಿಲ ಬಿಡೋದು, ಮತ್ತೆ ಅದುಮೋದು. ಸ್ವರ ಕಂಪಿಸುತ್ತೆ. ಜರ್ಮನ್‌ನಲ್ಲಿ ಬೇಬುಂಗ್ ಅಂತಾರೆ, ಬರಹದಲ್ಲಿ ಸ್ವರದ ಮೇಲೆ ಸಾಲು ಚುಕ್ಕಿ ಇಟ್ಟು ಒಂದು ಕಮಾನು ಎಳೀತಾರೆ. ನಿಮ್ಮ ಗಮಕದ ಹರವು ಇದಕ್ಕೆ ಇಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಕ್ಕಾಗಲ್ಲ, ಕಂಪಿತದ ಒಂದು ಚಿಕ್ಕ ಅಂಶ ಅಂತ ಇಟ್ಕೊಳ್ಳಿ. ಆದ್ರೆ ನುಡಿದ ಮೇಲೂ ಬೆರಳಿಗೂ ತಂತಿಗೂ ಸಂಬಂಧ ಕಡಿಯದೇ ಇರೋದು ಹಳೇ ಕೀಬೋರ್ಡ್‌ಗಳಲ್ಲಿ ಇದೊಂದ್ರಲ್ಲೇ. ಜೋರು ಮೆದು ಕೂಡ ಬೆರಳಿನ ಮೇಲೇ ಇದೆ. ಹಾರ್ಪ್ಸಿಕಾರ್ಡ್‌ನಲ್ಲಿ ಎಷ್ಟು ಜೋರಾಗಿ ಒತ್ತಿದ್ರೂ ಗರಿ ಮೀಟೋದು ಹೆಚ್ಚುಕಮ್ಮಿ ಒಂದೇ ಬಲದಲ್ಲಿ.

ಇದನ್ನ ತಲೆ ಮೇಲೆ ಹೊತ್ತು ಮೆರೆಸಿದೋರು ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬಾಖ್, ದೊಡ್ಡ ಬಾಖ್, ಅಂದ್ರೆ ಯೋಹಾನ್ ಸೆಬಾಸ್ಟಿಯನ್ ಬಾಖ್‌ರ ಬದುಕುಳಿದ ಗಂಡುಮಕ್ಕಳಲ್ಲಿ ಎರಡನೆಯವರು. 1753ರಲ್ಲಿ ಕೀಬೋರ್ಡ್ ನುಡಿಸೋ ಕಲೆ ಬಗ್ಗೆ ಪುಸ್ತಕ ಬರೆದ್ರು, ಎರಡನೇ ಭಾಗ 1762ರಲ್ಲಿ ಬಂತು. ಪ್ರತಿ ವಾದಕನ ಹತ್ರ ಒಂದು ಒಳ್ಳೆ ಹಾರ್ಪ್ಸಿಕಾರ್ಡೂ ಒಂದು ಒಳ್ಳೆ ಕ್ಲಾವಿಕಾರ್ಡೂ ಇರಬೇಕು, ಎಲ್ಲಾನೂ ಎರಡರ ಮೇಲೂ ನುಡಿಸಿ ನೋಡಬೇಕು ಅಂತಾರೆ. ಒಬ್ಬ ವಾದಕ ಹೇಗೆ ಅಂತ ಅಳೆಯೋಕೆ ಕ್ಲಾವಿಕಾರ್ಡೇ ಸರಿ ಅನ್ನೋದು ಅವರ ಮಾತು.

1772ರಲ್ಲಿ ಇಂಗ್ಲೆಂಡಿನ ಸಂಗೀತ ಚರಿತ್ರೆಕಾರ ಚಾರ್ಲ್ಸ್ ಬರ್ನಿ ಹ್ಯಾಂಬರ್ಗ್‌ನಲ್ಲಿ ಇವರ ಮನೆಗೆ ಹೋಗ್ತಾರೆ. ಊಟ ಆದ್ಮೇಲೆ ಬಾಖ್ ಮತ್ತೆ, ಜಿಲ್ಬರ್‌ಮನ್ ಮಾಡಿದ ತಮ್ಮ ಕ್ಲಾವಿಕಾರ್ಡ್ ಮುಂದೆ ಕೂತೋರು ರಾತ್ರಿ ಹನ್ನೊಂದರ ಹತ್ರ ಆದ್ರೂ ಏಳ್ಲಿಲ್ವಂತೆ. ಕಣ್ಣು ಒಂದೇ ಕಡೆ ನೆಟ್ಟು, ಕೆಳತುಟಿ ಜೋತು, ಮೈಮೇಲೆ ಬಂದೋರ ಥರ ನುಡಿಸ್ತಿದ್ರು ಅಂತ ಬರ್ನಿ ಬರೀತಾರೆ. ದೀರ್ಘ ಸ್ವರ ಬಂದಾಗಲೆಲ್ಲ ವಾದ್ಯದಿಂದ ಅಳಲಿನ ದನಿ ಹೊರಡಿಸ್ತಿದ್ರಂತೆ, ಅದು ಕ್ಲಾವಿಕಾರ್ಡ್‌ನಲ್ಲಿ ಮಾತ್ರ ಸಾಧ್ಯ, ಬಹುಶಃ ಅವರೊಬ್ಬರಿಗೇ ಸಾಧ್ಯ ಅಂತ. ಯುರೋಪಿನ ಆ ಕಾಲದ ಅತಿ ದೊಡ್ಡ ವಾದಕರಲ್ಲಿ ಒಬ್ಬರು ತಮ್ಮ ಅತ್ಯುತ್ತಮ ಸಂಗೀತನ ಊಟದ ನಂತರ ತಮ್ಮ ಮನೇಲಿ ಕೆಲವೇ ಅತಿಥಿಗಳಿಗೆ ಕೇಳಿಸಿದ್ದು. ನಾನು ಮೊದಲ ಪೋಸ್ಟ್‌ನಲ್ಲಿ ಹೇಳಕ್ಕೆ ಹೊರಟಿದ್ದು ಇದನ್ನೇ.

ಪ್ರಶ್ನೆಬುಟ್ಟಿ
ಚೆನ್ನಾಗಿ ಬರೀತಿದೀರ, ಆದ್ರೆ "ಮನೇಲಿ" ಅನ್ನೋ ಪದಕ್ಕೆ ನನ್ನ ಆಕ್ಷೇಪ ಇದೆ. ಯಾರ ಮನೆ? ಪೀಪ್ಸ್ ನೋಡಿದ ದೋಣಿಗಳು ಸಾಮಾನು ಸಾಗಿಸಕ್ಕೆ ದೋಣಿ ಬಾಡಿಗೆ ಕೊಡೋ ಶಕ್ತಿ ಇದ್ದೋರ ದೋಣಿ. ಆಂಟ್‌ವರ್ಪ್‌ನಲ್ಲಿ ವಾದ್ಯ ಮಾಡ್ತಿದ್ದ ರುಕರ್ಸ್ ಮನೆತನದ ವರ್ಜಿನಲ್ ನೋಡಿ, ಒಳಗೆಲ್ಲ ಅಚ್ಚು ಹಾಕಿದ ಅಲಂಕಾರದ ಕಾಗದ, ದನಿಹಲಗೆ ಮೇಲೆ ಹೂವು ಕೀಟದ ಚಿತ್ರ, ಮುಚ್ಚಳದ ಮೇಲೆ ಸಂಗೀತ ಸಂತೋಷಕ್ಕೆ ಸಂಗಾತಿ ದುಃಖಕ್ಕೆ ಮದ್ದು ಅಂತ ಲ್ಯಾಟಿನ್ ಬರಹ. ಡಚ್ ಚಿತ್ರಕಾರ ವರ್ಮೀರ್‌ನ ಒಂದು ಚಿತ್ರದಲ್ಲೂ ಅದೇ ಸಾಲು ಕಾಣುತ್ತೆ, ಹಿಂಭಾಗ ತಿರುಗಿಸಿ ನಿಂತ ಹುಡುಗಿ, ಪಕ್ಕದಲ್ಲಿ ಗಂಡಸು. ಅದು ಶ್ರೀಮಂತ ವರ್ತಕರ ಮನೆ. ಕೂಲಿಯೋನ ಮನೇಲಿ ಏನಿತ್ತು?

ಮತ್ತೆ ಹೆಣ್ಣುಮಕ್ಕಳ ವಿಷಯ. ಅವರಿಗೆ ಕೀಬೋರ್ಡ್ ಕಲಿಸಿದ್ದು ಮದುವೆ ಮಾರುಕಟ್ಟೆಗೋಸ್ಕರ ಅಲ್ವಾ? ಬಾಯಿಗೆ ಇಟ್ಕೊಂಡು ಊದೋ ವಾದ್ಯ, ಕಾಲ ನಡುವೆ ಇಟ್ಕೊಳ್ಳೋ ವಾದ್ಯ ಹೆಣ್ಣಿಗೆ ಶೋಭೆ ಅಲ್ಲ, ನೆಟ್ಟಗೆ ಕೂತು ಮುಖ ಕೆಡದ ಹಾಗೆ ನುಡಿಸೋದಾದ್ರೆ ಸರಿ. ಮನೆ ಸಂಗೀತ ಅಂತ ನಾವು ಹೊಗಳೋವಾಗ ಆ ಮನೆಯಿಂದ ಹೊರಗೆ ಬರಕ್ಕೆ ಯಾರಿಗೆ ಬಿಡ್ಲಿಲ್ಲ ಅನ್ನೋದನ್ನೂ ಹೇಳಬೇಕಾಗುತ್ತೆ.

ಕಪ್ಪುಬಿಳಿ_ಟೀಚರ್
ಬೆಂಗಳೂರಲ್ಲಿ ಪಿಯಾನೋ ಪಾಠ ಹೇಳ್ತೀನಿ, ಈ ಚರ್ಚೆ ಓದಿ ಸುಮ್ನಿರಕ್ಕಾಗ್ಲಿಲ್ಲ. ಪ್ರಶ್ನೆಬುಟ್ಟಿ ಅವರೇ, ಮುಖದ ವಿಷಯ ನೀವು ಹೇಳಿದ್ದು ಬರೀ ಮಾತಲ್ಲ. ಫ್ರಾನ್ಸ್‌ನ ಫ್ರಾಂಸ್ವಾ ಕೂಪ್ರಾಂ 1716ರಲ್ಲಿ ಹಾರ್ಪ್ಸಿಕಾರ್ಡ್ ನುಡಿಸೋ ಕಲೆ ಬಗ್ಗೆ ಪುಸ್ತಕ ತಂದ್ರು, ಅದ್ರಲ್ಲಿ ನುಡಿಸೋವಾಗ ಮುಖ ಕಿವುಚೋ ಅಭ್ಯಾಸ ಇದ್ರೆ ಸ್ಟ್ಯಾಂಡ್ ಮೇಲೆ ಕನ್ನಡಿ ಇಟ್ಕೊಳ್ಳಿ ಅಂತಾನೇ ಬರೆದಿದಾರೆ. ಇನ್ನೊಂದು ಮಾತು ಇದೆ, ಚಿಕ್ಕ ಮಕ್ಕಳು ಗುರು ಇಲ್ದಾಗ ನುಡಿಸೋದು ಬೇಡ, ಮುಕ್ಕಾಲು ಗಂಟೆ ಕಷ್ಟಪಟ್ಟು ಕಲಿಸಿದ್ದನ್ನ ಕ್ಷಣದಲ್ಲಿ ಕೆಡಿಸ್ತಾರೆ ಅಂತ ವಾದ್ಯದ ಬೀಗದ ಕೈ ತಾವೇ ತಗೊಂಡು ಹೋಗ್ತಿದ್ರಂತೆ. ನನಗೆ ಇದು ಒಪ್ಪಿಗೆ ಇಲ್ಲ. ಮಗು ತಾನೇ ಕೂತು ತಪ್ಪುತಪ್ಪಾಗಿ ತಡಕಾಡೋ ಹೊತ್ತಲ್ಲೇ ಸಂಗೀತ ಅದರದ್ದಾಗೋದು. ಆದ್ರೆ ಅದೇ ಕೂಪ್ರಾಂ ಮಕ್ಕಳಿಗೆ ಮೆದು ಗರಿ ಹಾಕಿದ ವಾದ್ಯ ಕೊಡಿ, ಬಲ ಹಾಕಿ ಒತ್ತೋ ಅಭ್ಯಾಸ ಆದ್ರೆ ಕೈ ಗಟ್ಟಿಯಾಗುತ್ತೆ ಅಂತಾರಲ್ಲ, ಅದಕ್ಕೆ ಕೈಮುಗೀತೀನಿ, ಐದು ವರ್ಷದ ಮಕ್ಕಳನ್ನ ಭಾರದ ಕೀ ಮುಂದೆ ಕೂರಿಸೋ ಅಪ್ಪ ಅಮ್ಮಂದಿರಿಗೆ ನಾನು ದಿನಾ ಹೇಳೋದು ಇದನ್ನೇ.

ಮನೆ ಅಂದ್ರೆ ಬರೀ ಪ್ರದರ್ಶನದ ದಿವಾನಖಾನೆ ಅನ್ಕೋಬೇಡಿ. ದೊಡ್ಡ ಬಾಖ್ ಮನೆ ನೋಡಿ. 1720ರಲ್ಲಿ ಹಿರಿಮಗ ವಿಲ್ಹೆಲ್ಮ್ ಫ್ರೀಡೆಮನ್‌ಗೆ ಒಂಬತ್ತು ವರ್ಷ, ಅವನಿಗೆ ಅಂತ ಒಂದು ನೋಟ್‌ಬುಕ್ ಶುರು ಮಾಡ್ತಾರೆ, ಮೊದಲ ಪುಟಗಳಲ್ಲೇ ಸ್ವರಗಳ ಹೆಸರು, ಅಲಂಕಾರದ ಪಟ್ಟಿ, ಬೆರಳು ಯಾವುದು ಎಲ್ಲಿ ಅನ್ನೋದು. ಇನ್ವೆನ್ಶನ್‌ಗಳು ಅನ್ನೋ ಬಾಖ್‌ರ ಚಿಕ್ಕ ಅಭ್ಯಾಸ ಕೃತಿಗಳು ಮೊದಲು ಬರೋದು ಆ ಪುಸ್ತಕದಲ್ಲೇ. ಆಮೇಲೆ ಹೆಂಡತಿ ಆನ್ನಾ ಮ್ಯಾಗ್ಡಲೇನಾಗೆ 1722ರಲ್ಲಿ ಒಂದು, 1725ರಲ್ಲಿ ಇನ್ನೊಂದು. ಆಕೆ ಕ್ಯೋಥೆನ್ ಆಸ್ಥಾನದಲ್ಲಿ ಸಂಬಳ ತಗೊಳ್ತಿದ್ದ ಗಾಯಕಿ. ಆ ಎರಡನೇ ಪುಸ್ತಕದಲ್ಲಿ ಆಕೆಯ ಕೈಬರಹ ಇದೆ, ಮಕ್ಕಳ ಕೈಬರಹ ಇದೆ, ಹುಡುಗ ಇಮ್ಯಾನ್ಯುಯೆಲ್ ಬರೆದ ಮೊದಮೊದಲ ತುಣುಕುಗಳಿವೆ, ಹೊಗೆಸೊಪ್ಪಿನ ಪೈಪ್ ಬಗ್ಗೆ ಒಂದು ಹಾಡಿದೆ. ನಮ್ಮಲ್ಲಿ ಗ್ರೇಡ್ ಪರೀಕ್ಷೆ ಕಟ್ಟೋ ಪ್ರತಿ ಮಗೂನೂ ನುಡಿಸೋ ಜಿ ಮೇಜರ್ ಮಿನುಯೆಟ್ ಅದರಲ್ಲಿದೆ, ಅದು ಬಾಖ್‌ರದ್ದೇ ಅಂತ ತುಂಬಾ ಕಾಲ ನಂಬಿದ್ರು, ಬರೆದಿದ್ದು ಡ್ರೆಸ್ಡನ್‌ನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಜೋಲ್ಡ್. ಯಾರದ್ದೋ ಇಷ್ಟ ಆಯ್ತು, ನಕಲು ಮಾಡ್ಕೊಂಡ್ರು, ಹೆಸರು ಬರೀಲಿಲ್ಲ. ಮನೆ ಪುಸ್ತಕ ಹಾಗೇ ಇರುತ್ತೆ, ನಮ್ಮಮ್ಮನ ದೇವರನಾಮದ ನೋಟ್‌ಬುಕ್‌ನಲ್ಲೂ ಅರ್ಧಕ್ಕೆ ಅಂಕಿತ ಇಲ್ಲ.

ಮತ್ತೆ ಬಡವ ಶ್ರೀಮಂತ ಪ್ರಶ್ನೆಗೆ: ಕ್ಲಾವಿಕಾರ್ಡ್ ಹಾರ್ಪ್ಸಿಕಾರ್ಡ್‌ಗಿಂತ ಎಷ್ಟೋ ಅಗ್ಗ. ಜರ್ಮನಿಯ ಶಾಲೆ ಮೇಷ್ಟ್ರು, ಹಳ್ಳಿ ಪಾದ್ರಿ, ಚರ್ಚ್ ಆರ್ಗನಿಸ್ಟ್ ಇಂಥೋರ ಮನೇಲಿ ಇರ್ತಿತ್ತು. ಕೂಲಿಯೋನ ಮನೇಲಿ ಇರ್ಲಿಲ್ಲ, ಅದು ನಿಜ.

ಪ್ರಶ್ನೆಬುಟ್ಟಿ
ಮಾಹಿತಿಗೆ ಥ್ಯಾಂಕ್ಸ್ ಟೀಚರ್. ನೋಟ್‌ಬುಕ್‌ಗಳ ಮಾತು ಬಂದ್ರೆ ನನಗೆ ಇಷ್ಟದ್ದು ಒಂದಿದೆ, ಸುಸಾನ್ನಾ ವ್ಯಾನ್ ಸೋಲ್ಟ್ ಅನ್ನೋ ಹುಡುಗಿಯದ್ದು, 1599 ಅಂತ ಇಸವಿ ಇದೆ. ಆಂಟ್‌ವರ್ಪ್‌ನಿಂದ ಧರ್ಮದ ಕಾರಣಕ್ಕೆ ಓಡಿ ಬಂದು ಲಂಡನ್‌ನಲ್ಲಿ ನೆಲೆಸಿದ್ದ ವರ್ತಕರ ಮನೆ ಮಗಳು. ಅದರೊಳಗೆ ತಾಯ್ನಾಡಿನ ಕುಣಿತಗಳು, ಡಚ್ ಕೀರ್ತನೆಗಳ ಧಾಟಿಗಳು ಇವೆ. ಊರು ಬಿಟ್ಟು ಬಂದೋರು ಮಗಳ ಬೆರಳಲ್ಲಿ ಊರಿನ ರಾಗ ಉಳಿಸ್ಕೊಂಡ್ರು ಅಂತ ನಾನು ಓದ್ಕೋತೀನಿ.

ಆದ್ರೂ ನನ್ನ ಮಾತು ಬಿಡಲ್ಲ. ಮೋಟ್ಸಾರ್ಟ್‌ನ ಅಕ್ಕ ಮರಿಯಾ ಆನ್ನಾ ಚಿಕ್ಕಂದಿನಲ್ಲಿ ತಮ್ಮನ ಜೊತೆ ಯುರೋಪ್ ಪೂರ್ತಿ ಸುತ್ತಿ ನುಡಿಸಿದೋಳು, ಮದುವೆ ವಯಸ್ಸಿಗೆ ಬಂದ್ಮೇಲೆ ಅಪ್ಪ ಮಗ ಇಟಲಿಗೆ ಹೋದ್ರು, ಆಕೆ ಸಾಲ್ಜ್‌ಬರ್ಗ್‌ನಲ್ಲೇ ಉಳಿದ್ಲು. ಇನ್ನೊಂದು ಕಡೆ ಎಲಿಜಬೆತ್ ಜಾಕೆ ದ ಲಾ ಗೆರ್ ಇದಾಳೆ, 1687ರಲ್ಲೇ ಹಾರ್ಪ್ಸಿಕಾರ್ಡ್ ಕೃತಿಗಳ ಪುಸ್ತಕ ಅಚ್ಚು ಹಾಕಿಸಿದೋಳು, ಹದಿನಾಲ್ಕನೇ ಲೂಯಿ ದೊರೆ ಬೆಂಬಲ ಇತ್ತು. ದೊರೆ ಕೈ ಹಿಡಿದ್ರೆ ಒಂದು ಹಾದಿ, ಇಲ್ಲಾಂದ್ರೆ ದಿವಾನಖಾನೆ. ಇಮ್ಯಾನ್ಯುಯೆಲ್ ಬಾಖ್ ಕೂಡ ಹೆಂಗಸರ ಬಳಕೆಗೆ ಅಂತಲೇ ಸೊನಾಟಾ ಸಂಪುಟ ತಂದಿದ್ರು, 1770ರಲ್ಲಿ. ಕೊಳ್ಳೋರು ಅವರೇ, ಕಲಿಯೋರು ಅವರೇ, ನುಡಿಸೋರೂ ಅವರೇ. ಚರಿತ್ರೇಲಿ ಹೆಸರು ಮಾತ್ರ ಬರೆದೋರದ್ದು.

ವೀಣಾಪ್ರಿಯೆ_ಮೈಸೂರು
ಈ ಕೊನೇ ಸಾಲು ನನಗೆ ತುಂಬಾ ತಟ್ಟಿತು. ನಮ್ಮಲ್ಲೂ ಕಥೆ ಬೇರೆ ಇಲ್ಲ. ಹೆಣ್ಣು ನೋಡಕ್ಕೆ ಬಂದಾಗ ಒಂದು ಹಾಡು ಹೇಳಮ್ಮ, ಮದುವೆ ಆದ್ಮೇಲೆ ವೀಣೆ ಅಟ್ಟಕ್ಕೆ. ಆದ್ರೂ ನಮ್ಮತ್ತೆ ಥರದೋರು ಅಟ್ಟದಿಂದ ಇಳಿಸ್ಕೊಂಡು ನುಡಿಸಿದ್ರಲ್ಲ, ಯಾರಿಗೂ ತೋರಿಸಕ್ಕಲ್ಲ, ಅದನ್ನ ಬರೀ ಬಂಧನ ಅಂತ ಬರೆದುಬಿಟ್ರೆ ಅವರು ಅನುಭವಿಸಿದ ಆ ಒಂದು ಗಂಟೆನ ನಾವೂ ಕಿತ್ಕೊಂಡ ಹಾಗೆ ಆಗುತ್ತೆ. ಎರಡೂ ನಿಜ.

ಧಾರವಾಡ್_ಪೇಟಿ
ನಮಸ್ಕಾರ್ರಿ ಎಲ್ಲಾರ್ಗೂ. ನಾನು ಪೇಟಿ ಬಾರಸಾಂವ, ಅಂದ್ರ ಹಾರ್ಮೋನಿಯಂ. ಅದು 1842ರಾಗ ಪ್ಯಾರಿಸ್‌ನಾಗ ದೆಬ್ಯಾಂ ಪೇಟೆಂಟ್ ಮಾಡಿದ್ದು, ನೀವು ಮಾತಾಡೋ ವಾದ್ಯಗಳಿಗಿಂತ ಭಾಳ ಈಚಿಂದು ಬಿಡ್ರಿ. ನಂದೊಂದು ಪ್ರಶ್ನೆ ಐತಿ. ನಮ್ಮ ಪೇಟಿ ಮ್ಯಾಲೆ ಎಲ್ಲಾರದೂ ಒಂದ ತಕರಾರು, ಗಂಧಾರ ಏರಿದಂಗ ಕೇಳತೈತಿ, ತಂಬೂರಿ ಕೂಡ ಹೊಂದೂದಿಲ್ಲ ಅಂತ. ಆಕಾಶವಾಣಿಯವ್ರು 1940ರಾಗ ಪೇಟಿನ ಹೊರಗ ಇಟ್ರು, 1971ರ ತನಕ ಅದು ಸಡಿಲ ಆಗ್ಲಿಲ್ಲ, ಅದರ ಹಿಂದನೂ ಈ ಶ್ರುತಿ ಮಾತು ಇತ್ತು. ಹನ್ನೆರಡು ಸ್ವರ ಸಮಾ ಹಂಚಿದ್ರ ಹಿಂಗ ಆಗತೈತಿ, ಖರೆ. ಹಂಗಾದ್ರ ಮುನ್ನೂರು ನಾನೂರು ವರ್ಷದ ಹಿಂದ ಆ ವರ್ಜಿನಲ್ಲಿಗೆ ಹೆಂಗ ಶ್ರುತಿ ಮಾಡ್ತಿದ್ರು? ಅವ್ರೂ ಸಮಾನ ಹಂಚ್ತಿದ್ರೇನು?

ತಂತಿಮೀಟು
ಸರ್, ಇದು ನನ್ನ ಅತಿ ಇಷ್ಟದ ಪ್ರಶ್ನೆ. ಸಮ ಹಂಚ್ತಿರ್ಲಿಲ್ಲ. 16, 17ನೇ ಶತಮಾನದಲ್ಲಿ ಹೆಚ್ಚು ಬಳಕೇಲಿದ್ದದ್ದು ಮೀನ್‌ಟೋನ್ ಅನ್ನೋ ಪದ್ಧತಿ. ಅದರ ತಿರುಳು ಇಷ್ಟೇ: ಗಾಂಧಾರ ಶುದ್ಧವಾಗಿರಲಿ, ಅದಕ್ಕೋಸ್ಕರ ಪಂಚಮನ ಒಂಚೂರು ಇಳಿಸೋಣ. ಷಡ್ಜಕ್ಕೂ ಅಂತರ ಗಾಂಧಾರಕ್ಕೂ 5:4 ಅನುಪಾತ, ಸೆಂಟ್ ಲೆಕ್ಕದಲ್ಲಿ (ಸಮ ಹಂಚಿದ ಒಂದು ಅರ್ಧಸ್ವರ ಅಂದ್ರೆ 100 ಸೆಂಟ್) 386. ನಿಮ್ಮ ಪೇಟೀಲಿ ಅದು 400, ಅಂದ್ರೆ 14 ಸೆಂಟ್ ಮೇಲೆ, ಕಿವಿಗೆ ಏರಿದ ಹಾಗೆ ಕೇಳೋದು ಅದಕ್ಕೇ. ಮೀನ್‌ಟೋನ್‌ನಲ್ಲಿ ಪ್ರತಿ ಪಂಚಮ ಸುಮಾರು 5 ಸೆಂಟ್ ತಗ್ಗಿರುತ್ತೆ, ಅಂಥ ನಾಲ್ಕು ಪಂಚಮ ಹತ್ತಿದ್ರೆ ಸರಿಯಾಗಿ ಶುದ್ಧ ಗಾಂಧಾರಕ್ಕೆ ಬಂದು ನಿಲ್ತೀರ.

ತಂಬೂರಿ ಚೆನ್ನಾಗಿ ಶ್ರುತಿ ಆದಾಗ ಮಂದ್ರ ಷಡ್ಜದ ತಂತಿಯಿಂದ ತಾನಾಗೇ ಒಂದು ಗಾಂಧಾರ ಏಳುತ್ತಲ್ಲ, ಸ್ವಯಂಭೂ ಗಾಂಧಾರ ಅಂತೀವಿ, ವರ್ಜಿನಲ್‌ನ ಗಾಂಧಾರ ಆ ಜಾಗದ್ದೇ. ಇಂಗ್ಲೆಂಡಿನ ಸಂಗೀತಗಾರರಾದ ಬರ್ಡ್, ಬುಲ್, ಗಿಬನ್ಸ್ ಇವರ ಕೃತಿಗಳನ್ನ ಪಾರ್ಥೇನಿಯಾ ಅಂತ ಒಂದು ಸಂಕಲನದಲ್ಲಿ 1612-13ರ ಹೊತ್ತಿಗೆ ಅಚ್ಚು ಹಾಕಿದ್ರು, ವರ್ಜಿನಲ್‌ಗೆ ಅಂತ ಇಂಗ್ಲೆಂಡಲ್ಲಿ ಮೊದಲು ಅಚ್ಚಾದದ್ದು ಅದೇ, ರಾಜಕುಮಾರಿ ಎಲಿಜಬೆತ್ ಮದುವೆ ಸಮಯ. ಆ ಕೃತಿಗಳನ್ನ ಈಗಿನ ಪಿಯಾನೋಲಿ ಕೇಳಿದ್ರೆ ಸಪ್ಪೆ ಅನ್ಸುತ್ತೆ, ಮೀನ್‌ಟೋನ್ ವಾದ್ಯದಲ್ಲಿ ಕೇಳಿ, ಕೊನೇ ಸ್ವರಮೇಳ ಬಂದು ನಿಂತಾಗ ಕೋಣೆ ತಂಬೂರಿ ಹಾಗೇ ತುಂಬ್ಕೊಳ್ಳುತ್ತೆ.

ಬೆಲೆ ತೆರಬೇಕು ಮಾತ್ರ. ಹನ್ನೊಂದು ಪಂಚಮ ಇಳಿಸಿ ಬಂದ್ಮೇಲೆ ಉಳಿಯೋ ಒಂದು ಪಂಚಮ ಭಯಂಕರ ಅಗಲ ಆಗುತ್ತೆ. ಸಾಮಾನ್ಯವಾಗಿ ಜಿ ಶಾರ್ಪ್‌ಗೂ ಇ ಫ್ಲಾಟ್‌ಗೂ ನಡುವೆ. ಅದು ಊಳಿಡುತ್ತೆ, ಅದಕ್ಕೆ ತೋಳ ಅಂತಾನೇ ಹೆಸರು. ಹಾಗಾಗಿ ಎಲ್ಲಾ ಶ್ರುತಿಗೂ ಹೋಗಂಗಿಲ್ಲ. ಮನೇಲಿ ನುಡಿಸೋರಿಗೆ ಅದೇನೂ ಕಷ್ಟ ಆಗ್ಲಿಲ್ಲ, ಶ್ರುತಿ ಮಾಡ್ಕೊಳ್ಳೋರೂ ಅವರೇ ಅಲ್ವಾ, ಈ ವಾರದ ಹಾಡಿಗೆ ಇ ಫ್ಲಾಟ್ ಬದಲು ಡಿ ಶಾರ್ಪ್ ಬೇಕಾದ್ರೆ ಆ ತಂತಿ ಒಂದನ್ನ ಇಳಿಸ್ಕೊಳ್ತಿದ್ರು.

ಧಾರವಾಡ್_ಪೇಟಿ
ಭಾಳ ಚೊಲೋ ತಿಳಿಸಿದ್ರಿ. ಸ್ವಯಂಭೂ ಗಂಧಾರದ್ದು ಹೇಳಿದ್ರಲ್ಲ, ಅಲ್ಲಿ ನನಗ ಪೂರ್ತಿ ಹೊಳೀತು. ಯುರೋಪಿನವ್ರು ಆ ಗಂಧಾರನ ಬಿಟ್ಟುಕೊಟ್ಟ ಮ್ಯಾಲೆ ಪೇಟಿ ನಮ್ಮ ಕಡೆ ಬಂದೈತಿ ಅನ್ರಿ. ಪೇಟಿ ಒಳಗಿನ ರೀಡ್ ಕೆರದು ಗಾಯಕರ ಶ್ರುತಿಗೆ ಗಂಧಾರ ಇಳಿಸಿಕೊಡೂ ಕಾರೀಗಾರ್ರು ಅದಾರು, ನಾನೂ ಒಂದು ಪೇಟಿಗೆ ಹಂಗ ಮಾಡಿಸೀನಿ. ಅದು ಒಂದ ಷಡ್ಜಕ್ಕ ಮಾತ್ರ ಛಂದ.

ಕುಡ್ಲ_ಕೊಯರ್
ಮಾರಾಯ್ರೆ, ಚರ್ಚ್ ಕಡೆಯ ಮಾತು ಯಾರೂ ಎತ್ತಲೇ ಇಲ್ಲ. ಕ್ಲಾವಿಕಾರ್ಡ್ ಮನೇಲಿ ಇಟ್ಟುಕೊಳ್ತಿದ್ದವರಲ್ಲಿ ಆರ್ಗನಿಸ್ಟ್‌ಗಳು ದೊಡ್ಡ ಪಾಲು. ಕರೆಂಟ್ ಇಲ್ಲದ ಕಾಲ, ಆರ್ಗನ್ ನುಡಿಸ್ಬೇಕಾದ್ರೆ ತಿದಿ ಒತ್ತಲಿಕ್ಕೆ ಜನ ಬೇಕು, ಅವರಿಗೆ ಕೂಲಿ ಕೊಡ್ಬೇಕು, ಚಳಿಗಾಲದಲ್ಲಿ ಅಲ್ಲಿಯ ಚರ್ಚ್‌ನ ಒಳಗೆ ಬೆರಳು ಮರಗಟ್ಟಿ ಹೋಗ್ತದೆ. ಹಾಗಾಗಿ ಅಭ್ಯಾಸ ಎಲ್ಲ ಮನೆಯಲ್ಲಿ. ಕಾಲಿಗೂ ಒಂದು ಕೀಬೋರ್ಡ್ ಇರುವ ಪೆಡಲ್ ಕ್ಲಾವಿಕಾರ್ಡ್ ಅಂತ ಉಂಟು, ಒಂದರ ಮೇಲೆ ಒಂದು ಎರಡು ಕ್ಲಾವಿಕಾರ್ಡ್, ಕೆಳಗೆ ನೆಲದಲ್ಲಿ ಪೆಡಲಿಗೆ ಇನ್ನೊಂದು. 1750ರಲ್ಲಿ ಬಾಖ್ ತೀರಿಕೊಂಡಾಗ ಆಸ್ತಿ ಹಂಚಿಕೆಯ ಪತ್ರದಲ್ಲಿ ಪೆಡಲ್ ಇರುವ ಮೂರು ಕ್ಲಾವಿಯರ್ (ಕೀಬೋರ್ಡ್ ವಾದ್ಯ) ಸಣ್ಣ ಮಗ ಯೋಹಾನ್ ಕ್ರಿಸ್ಟಿಯಾನ್‌ಗೆ ಸಿಕ್ಕಿದ ವಿಷಯ ಬರ್ತದೆ. ನಾವು ಹಬ್ಬದ ಪೂಜೆಗೆ ಕೊಯರ್ ಪ್ರಾಕ್ಟೀಸ್ ಮಾಡುವುದು ಕೂಡ ಯಾರದಾದರೂ ಮನೆಯಲ್ಲೇ.

ಸಂಗೀತಗಾರ ಹೆಂಡೆಲ್‌ನ ಕಥೆಯೂ ಒಂದುಂಟು, 1760ರಲ್ಲಿ ಬಂದ ಅವರ ಮೊದಲ ಜೀವನಚರಿತ್ರೆಯಲ್ಲಿ ಮೇನ್‌ವೇರಿಂಗ್ ಹೇಳಿದ್ದು. ಅಪ್ಪ ಕ್ಷೌರಿಕ ವೈದ್ಯ, ಮಗ ವಕೀಲ ಆಗ್ಬೇಕು ಅಂತ ಹಠ, ಸಂಗೀತ ಬೇಡ. ಹುಡುಗ ಹೇಗೋ ಮಾಡಿ ಅಟ್ಟದ ಕೋಣೆಗೆ ಒಂದು ಸಣ್ಣ ಕ್ಲಾವಿಕಾರ್ಡ್ ಸಾಗಿಸಿ, ಮನೆಯವರೆಲ್ಲ ಮಲಗಿದ ಮೇಲೆ ಹೋಗಿ ನುಡಿಸ್ತಿದ್ದ ಅಂತ. ಕಥೆಯಲ್ಲಿ ಎಷ್ಟು ಬಣ್ಣ ಉಂಟೋ ಬಿಡಿ, ಆದರೆ ಬೇರೆ ಯಾವ ಕೀಬೋರ್ಡ್ ವಾದ್ಯದ ಮೇಲೂ ಇಂಥ ಕಥೆ ಕಟ್ಟಲಿಕ್ಕೆ ಆಗುವುದಿಲ್ಲ.

ಮಂಡ್ಯದ_ಕಬ್ಬು
ನಮ್ಮ ಕಡೆದ್ದೂ ಒಂದು ಸೇರಿಸ್ತೀನಿ. ಟಿಪ್ಪು ಹುಲಿ ಎಲ್ರಿಗೂ ಗೊತ್ತು, ಸಿಪಾಯಿ ಮೇಲೆ ಎರಗಿರೋ ಮರದ ಹುಲಿ. ಹಿಡಿ ತಿರುಗಿಸಿದ್ರೆ ಹುಲಿ ಗುರ್ ಅನ್ನುತ್ತೆ, ಆ ಮನುಷ್ಯ ಕೈ ಎತ್ತಿ ನರಳ್ತಾನೆ, ಅಷ್ಟು ಪಾಠದಲ್ಲಿ ಓದಿರ್ತೀವಿ. ಹುಲಿ ಮೈ ಪಕ್ಕದಲ್ಲಿ ಒಂದು ಮುಚ್ಚಳ ಇದೆ, ಅದನ್ನ ತೆಗೆದ್ರೆ ಒಳಗೆ ಪುಟ್ಟ ಪೈಪ್ ಆರ್ಗನ್ನು, 18 ಸ್ವರ, ದಂತದ ಗುಂಡಿಗಳು. ಕೂತು ನುಡಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್‌ಗೆ ಹೊತ್ಕೊಂಡು ಹೋದ್ರು, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮೂರ ಪಕ್ಕದಲ್ಲಿದ್ದ ಅಂಥಾ ವಾದ್ಯನ ನೋಡಬೇಕಂದ್ರೆ ವೀಸಾ ಬೇಕು, ಈ ಸಂಕಟ ನನಗೆ ಯಾವತ್ತೂ ಹೋಗಲ್ಲ.

ಕಂಪನಿ ಕಾಲದಲ್ಲಿ ಹಾರ್ಪ್ಸಿಕಾರ್ಡ್‌ಗಳು ಹಡಗಲ್ಲಿ ಕಲ್ಕತ್ತಾಗೂ ಬಂದಿದ್ವು. 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಅನ್ನೋನು ಕಲ್ಕತ್ತಾದಲ್ಲೇ ಓರಿಯೆಂಟಲ್ ಮಿಸಲೇನಿ ಅಂತ ಪುಸ್ತಕ ಅಚ್ಚು ಹಾಕಿದ, ಹಿಂದೂಸ್ತಾನಿ ಹಾಡುಗಳನ್ನ ಹಾರ್ಪ್ಸಿಕಾರ್ಡ್‌ಗೆ ಕೂರಿಸಿದ್ದು. ಲಖನೌದಲ್ಲಿದ್ದ ಸೋಫಿಯಾ ಪ್ಲೌಡನ್ ಅನ್ನೋ ಇಂಗ್ಲಿಷ್ ಹೆಂಗಸು ಗಾಯಕಿಯರಿಂದ ಕೇಳಿ ಬರೆಸಿಕೊಂಡ ಹಾಡಿನ ಹಾಳೆಗಳು ಇವತ್ತಿಗೂ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿವೆ.

ತಂತಿಮೀಟು
ಇದಕ್ಕೆ ಒಂದು ಸೇರಿಸ್ಲೇಬೇಕು, ವೀಣಾಪ್ರಿಯೆ ಮೇಡಂಗೋಸ್ಕರ. ಏಷ್ಯಾಟಿಕ್ ರಿಸರ್ಚಸ್ ಅನ್ನೋ ಹಳೇ ವಿದ್ವತ್ ಪತ್ರಿಕೆಯ ಮೊದಲ ಸಂಪುಟದಲ್ಲಿ ಫ್ರಾನ್ಸಿಸ್ ಫೌಕ್ ಅನ್ನೋ ಕಂಪನಿ ಅಧಿಕಾರಿ ಬೀನ್ ಬಗ್ಗೆ ಲೇಖನ ಬರೆದಿದಾನೆ, ನಮ್ಮ ರುದ್ರವೀಣೆ. ಮೆಟ್ಟಿಲುಗಳ ಅಳತೆ ತಗೊಂಡಿದ್ದಲ್ದೆ, ಸ್ವರಾಂತರಕ್ಕೆ ನನ್ನ ಕಿವಿ ನಂಬಲ್ಲ ಅಂತ ಬೀನನ್ನ ಹಾರ್ಪ್ಸಿಕಾರ್ಡ್ ಜೊತೆ ಶ್ರುತಿ ಕೂಡಿಸಿ ಒಂದೊಂದೇ ಸ್ವರ ಪಕ್ಕಪಕ್ಕ ನುಡಿಸಿ ನೋಡಿದೆ ಅಂತಾನೆ. ಎರಡೂ ವಾದ್ಯ ಒಂದೇ ಕೋಣೇಲಿ.

ವೀಣಾಪ್ರಿಯೆ_ಮೈಸೂರು
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ. ಆ ಹಾರ್ಪ್ಸಿಕಾರ್ಡ್ ಯಾವ ಶ್ರುತಿ ಪದ್ಧತೀಲಿತ್ತೋ ಅದರ ಮೇಲೆ ಎಲ್ಲಾ ನಿಂತಿದೆ ಅಲ್ವಾ, ಗಾಂಧಾರ ಹೊಂದಿತೋ ಇಲ್ವೋ. ಲೇಖನ ಹುಡುಕಿ ಓದ್ತೀನಿ.

ಉಳಿಬಾಚಿ
ಶಿವಮೊಗ್ಗದಿಂದ. ಮರಗೆಲಸ ನನ್ನ ಹವ್ಯಾಸ. ಮೊದಲ ಪೋಸ್ಟ್‌ನಲ್ಲಿ ಯಂತ್ರ ಇಷ್ಟೇ ಅಂದ್ರಲ್ಲ, ಅದನ್ನ ಓದಿದಾಗಿಂದ ಕೈ ತುರಿಸ್ತಿದೆ. ಕ್ಲಾವಿಕಾರ್ಡ್ ಮನೇಲೇ ಮಾಡಬಹುದಾ? ಹಲಸಿನ ಮರ ಒಣಗಿಸಿಟ್ಟಿದೀನಿ. ಇಲ್ಲಿ ಮಳೆಗಾಲದಲ್ಲಿ ಬಾಗಿಲೇ ಹಾಕಕ್ಕಾಗಲ್ಲ, ಉಬ್ಬಿಬಿಡುತ್ತೆ, ಆ ಭಯ ಒಂದಿದೆ. ತಂತಿ ಎಲ್ಲಿ ಸಿಗುತ್ತೆ, ಎಷ್ಟು ಸ್ವರಕ್ಕೆ ಮಾಡಬೇಕು, ಸ್ವಲ್ಪ ಬಿಡಿಸಿ ಹೇಳಿ ಸರ್. ಪಿಯಾನೋನೇ ಬಂದ್ಮೇಲೆ ಇದ್ಯಾಕೆ ಸತ್ತುಹೋಯ್ತು ಅನ್ನೋದನ್ನೂ ಹೇಳಿಬಿಡಿ.

ತಂತಿಮೀಟು
ಮಾಡಬಹುದು ಸರ್, ಹಳೇ ಕೀಬೋರ್ಡ್‌ಗಳಲ್ಲಿ ಮನೇಲಿ ಕೈಯಾರೆ ಮಾಡೋಕೆ ಇದಕ್ಕಿಂತ ಸುಲಭದ್ದಿಲ್ಲ. ಇಂಗ್ಲೆಂಡಲ್ಲಿ ಆರ್ನಲ್ಡ್ ಡೊಲ್ಮೆಚ್ 1894ರಲ್ಲಿ ತಮ್ಮ ಮೊದಲ ಕ್ಲಾವಿಕಾರ್ಡ್ ಮಾಡಿದ್ಮೇಲೇ ಈ ವಾದ್ಯಕ್ಕೆ ಮತ್ತೆ ಜೀವ ಬಂದಿದ್ದು.

ಮೊದಲು ಕೊನೇ ಪ್ರಶ್ನೆ. ಪಿಯಾನೋ ಹುಟ್ಟಿದ ತಕ್ಷಣ ಏನೂ ಆಗ್ಲಿಲ್ಲ. ಕ್ರಿಸ್ಟೊಫೊರಿ ಫ್ಲಾರೆನ್ಸ್‌ನಲ್ಲಿ ಅದನ್ನ ಮಾಡಿದ್ದು 1700ರ ಸುಮಾರಿಗೆ, ಅವರ ಕೈಯ ಮೂರು ಪಿಯಾನೋ ಉಳಿದಿವೆ, ಒಂದು ನ್ಯೂಯಾರ್ಕ್‌ನಲ್ಲಿ, ಒಂದು ರೋಮ್‌ನಲ್ಲಿ, 1726ರದ್ದು ಇಲ್ಲೇ ಲೈಪ್‌ಜಿಗ್‌ನಲ್ಲಿ. ಅದು ದೊರೆಗಳ ಮನೆ ಸಾಮಾನು. ಮನೆಗಳಿಗೆ ಪಿಯಾನೋ ನುಗ್ಗಿದ್ದು ಜರ್ಮನಿಯಿಂದ ಲಂಡನ್‌ಗೆ ಬಂದ ಯೋಹಾನೆಸ್ ಜುಂಪೆ 1766ರಿಂದ ಚಿಕ್ಕ ಚೌಕ ಪಿಯಾನೋ ಮಾಡಕ್ಕೆ ಶುರು ಮಾಡಿದ್ಮೇಲೆ. ಆಕಾರ ನೋಡಿದ್ರೆ ಕ್ಲಾವಿಕಾರ್ಡೇ, ಟ್ಯಾಂಜೆಂಟ್ ಜಾಗದಲ್ಲಿ ಸುತ್ತಿಗೆ. ಹಾರ್ಪ್ಸಿಕಾರ್ಡ್‌ಗಿಂತ ಅಗ್ಗ, ಕ್ಲಾವಿಕಾರ್ಡ್‌ಗಿಂತ ಜೋರು, ಹಾಡೋರ ಜೊತೆಗೂ ಕೇಳ್ಸುತ್ತೆ. ಆದ್ರೂ ಕ್ಲಾವಿಕಾರ್ಡ್ ಒಂದೇ ಸಲ ಸಾಯ್ಲಿಲ್ಲ. ಮೋಟ್ಸಾರ್ಟ್‌ರ ಕ್ಲಾವಿಕಾರ್ಡ್ ಸಾಲ್ಜ್‌ಬರ್ಗ್‌ನಲ್ಲಿ ಅವರು ಹುಟ್ಟಿದ ಮನೇಲಿದೆ, ಮ್ಯಾಜಿಕ್ ಫ್ಲೂಟ್, ರೆಕ್ವಿಯಂ ಎಲ್ಲ ಇದರ ಮೇಲೆ ಕೂತು ಬರೆದದ್ದು ಅಂತ ಹೆಂಡತಿ ಕಾನ್‌ಸ್ಟಾನ್ಜೆ ಚೀಟಿ ಬರೆದಿಟ್ಟಿದಾರೆ. 1791, ಆಗ ಅವರ ಮನೇಲಿ ಒಳ್ಳೆ ಪಿಯಾನೋನೂ ಇತ್ತು.

ಈಗ ಕೆಲಸಕ್ಕೆ ಬರೋಣ. ಮೊದಲ ಸಲಕ್ಕೆ ಫ್ರೆಟೆಡ್ ಮಾದರಿ ತಗೊಳ್ಳಿ. ಅದರಲ್ಲಿ ಅಕ್ಕಪಕ್ಕದ ಎರಡು ಮೂರು ಕೀಗಳು ಒಂದೇ ಜೋಡಿ ತಂತಿನ ಬೇರೆ ಬೇರೆ ಜಾಗದಲ್ಲಿ ಹೊಡೀತವೆ, ವೀಣೇಲಿ ಒಂದೇ ತಂತಿ ಮೇಲೆ ಬೇರೆ ಬೇರೆ ಮೆಟ್ಟಿಲು ಒತ್ತಿದ ಲೆಕ್ಕ. ತಂತಿ ಕಮ್ಮಿ, ಎಳೆತ ಕಮ್ಮಿ, ಪೆಟ್ಟಿಗೆ ಹಗುರ. ತೊಂದರೆ ಅಂದ್ರೆ ಒಂದೇ ಜೋಡಿ ಹಂಚಿಕೊಂಡಿರೋ ಸಿ, ಸಿ ಶಾರ್ಪ್ ಒಟ್ಟಿಗೆ ನುಡಿಯಲ್ಲ. ಹಳೇ ಸಂಗೀತಕ್ಕೆ ಅದು ಬೇಕಾಗೋದೂ ಅಪರೂಪ. ಕೆಳಗಿನ ಆಕ್ಟೇವ್‌ನ ಕುಗ್ಗಿಸಿರ್ತಾರೆ, ಅದನ್ನೂ ಹಾಗೇ ಮಾಡಿ: ನೋಡೋಕೆ ಇ ಕೀ ಇರೋದು ಸಿ ನುಡಿಯುತ್ತೆ, ಎಫ್ ಶಾರ್ಪ್ ಜಾಗದಲ್ಲಿ ಡಿ, ಜಿ ಶಾರ್ಪ್ ಜಾಗದಲ್ಲಿ ಇ. ಬಳಕೆ ಇಲ್ಲದ ಮಂದ್ರ ಸ್ವರ ಬಿಟ್ಟು ಜಾಗ ಉಳಿಸೋ ಉಪಾಯ.

ಹಲಸು ಪೆಟ್ಟಿಗೆಗೆ ಪರವಾಗಿಲ್ಲ, ದನಿಹಲಗೆಗೆ ಬೇಡ. ದನಿಹಲಗೆ ಸ್ಪ್ರೂಸ್‌ದೇ ಆಗಲಿ, ಗಿಟಾರ್ ಮಾಡೋರ ಹತ್ರ ತೆಳು ಹಲಗೆ ಸಿಗುತ್ತೆ. ಕೀಗಳಿಗೆ ಹಗುರ, ನೇರ ಎಳೆಯ, ಪೂರ್ತಿ ಒಣಗಿದ ಮರ. ಒಂದೇ ಹಲಗೆ ಮೇಲೆ ಎಲ್ಲಾ ಕೀ ಗೆರೆ ಹಾಕಿ, ಪಿನ್ ತೂತುಗಳನ್ನ ಮೊದಲು ಕೊರೆದು, ಆಮೇಲೆ ಕೊಯ್ಯಿರಿ. ಹಳೇ ಕುಶಲಕರ್ಮಿಗಳು ಮಾಡ್ತಿದ್ದದ್ದೂ ಹಾಗೇ, ಅದಕ್ಕೇ ಹಳೇ ವಾದ್ಯದ ಕೀ ಪಕ್ಕಪಕ್ಕ ಇಟ್ರೆ ಮರದ ಎಳೆ ಒಂದರಿಂದ ಇನ್ನೊಂದಕ್ಕೆ ಮುಂದುವರಿಯೋದು ಕಾಣುತ್ತೆ. ತಂತಿ ಹಿತ್ತಾಳೆದು. ತಂಬೂರಿ ಅಂಗಡೀಲಿ ಕೇಳಿ, ಅಳತೆ ನಕ್ಷೆಗೆ ಹೊಂದಲಿಲ್ಲ ಅಂದ್ರೆ ತರಿಸ್ಕೋಬೇಕು. ಶ್ರುತಿನ ಈಗಿನದಕ್ಕಿಂತ ಅರ್ಧ ಸ್ವರ ಇಳಿಸಿ ಇಟ್ಕೊಳ್ಳಿ, ಎ ಅಂದ್ರೆ 415 ಹರ್ಟ್ಸ್, ತಂತಿ ಕಡಿಯೋದು ತಪ್ಪುತ್ತೆ.

ಮಳೆಗಾಲದ ಬಗ್ಗೆ ನಿಮ್ಮ ಭಯ ಸರಿ. ಮರ ನೀರು ಹೀರಿ ಉಬ್ಬಿದ್ರೆ ದನಿಹಲಗೆ ಏಳುತ್ತೆ, ಸ್ವರ ಏರುತ್ತೆ, ಹಿಂದಿನ ಸೀಳಿನಲ್ಲಿ ಓಡಾಡೋ ಕೀ ಸಿಕ್ಕಿಹಾಕ್ಕೊಳ್ಳುತ್ತೆ. ದನಿಹಲಗೆ ಅಂಟಿಸೋ ಕೆಲಸ ನಿಮ್ಮೂರಲ್ಲಿ ಅತಿ ಒಣ ಇರೋ ಫೆಬ್ರವರಿ ಮಾರ್ಚ್‌ನಲ್ಲಿ ಮಾಡಿ, ಮಳೆಗಾಲದಲ್ಲಿ ಉಬ್ಬಿದ್ರೂ ಬೇಸಿಗೇಲಿ ಬಿರುಕು ಬಿಡಲ್ಲ. ಒದ್ದೆ ಹವೇಲಿ ಅಂಟಿಸಿದ್ರೆ ಬೇಸಿಗೇಲಿ ಕುಗ್ಗಿ ಸೀಳೋದು ಗ್ಯಾರಂಟಿ.

ಉಳಿಬಾಚಿ
ಅರ್ಥ ಆಯ್ತು ಸರ್. ಹಾಗಾದ್ರೆ ಈ ಮಳೆಗಾಲದಲ್ಲಿ ಪೆಟ್ಟಿಗೆ, ಕೀ ಹಲಗೆ ಸಿದ್ಧ ಮಾಡ್ಕೋತೀನಿ, ದನಿಹಲಗೆ ಶಿವರಾತ್ರಿ ಹೊತ್ತಿಗೆ. ಉಣ್ಣೆ ಬಟ್ಟೆ ಯಾವ ದಪ್ಪ ಬೇಕು?

ತಂತಿಮೀಟು
ಕೀ ಹಲಗೇನ ಬೇಗ ತಂದು ಒಳಗಿಟ್ಟು ಒಣಗಿಸಿ, ಆದ್ರೆ ಕೊಯ್ಯೋದು ಮಾತ್ರ ಮಳೆ ನಿಂತ ಮೇಲೆ, ಇಲ್ಲಾಂದ್ರೆ ಡೊಂಕು ಬರುತ್ತೆ. ಬಟ್ಟೆ ಮೆತ್ತಗಿರೋ ಉಣ್ಣೆದು, ಒಂದು ಬೆರಳಿಗಿಂತ ಕಮ್ಮಿ ಅಗಲದ ಪಟ್ಟಿ ಕತ್ತರಿಸಿ ಜೋಡಿ ತಂತಿಗಳ ಮಧ್ಯೆ ಮೇಲೆ ಕೆಳಗೆ ಹೆಣೀತಾ ಹೋಗಿ. ಬೆರಳು ಎತ್ತಿದಾಗ ಸ್ವರ ತಕ್ಷಣ ನಿಲ್ಲಬೇಕು, ನಿಲ್ಲದೇ ಗುಂಯ್ ಅಂತಿದ್ರೆ ಇನ್ನೊಂದು ಸಾಲು ಹೆಣೀರಿ. ನಕ್ಷೆ ಬೇಕಾದ್ರೆ ಮ್ಯೂಸಿಯಂಗಳು ಹಳೇ ವಾದ್ಯಗಳ ಪೂರ್ತಿ ಅಳತೆಯ ಡ್ರಾಯಿಂಗ್ ಮಾರುತ್ತವೆ, ಒಂದು ತರಿಸ್ಕೊಳ್ಳಿ, ಟ್ಯಾಂಜೆಂಟ್ ಜಾಗದ ಲೆಕ್ಕ ಅದರಲ್ಲೇ ಇರುತ್ತೆ.